ಫೆಸೆಂಟ್ ಹೇಂಟೆ ಮೊಟ್ಟೆ ಇಡಬೇಕೆಂದರೆ

ಕೋಳಿ ಸಾಕಿ ಪಳಗಿದವರೇ ಫೆಸೆಂಟ್ ಸಾಕುವಾಗ ಎಡವುವುದು. ಕೋಳಿಯ ಬಳಗಕ್ಕೇ ಸೇರಿದ್ದರೂ ಈ ಹಕ್ಕಿಯ ಮೈಯಿಂದ ಕಾಡು ಇನ್ನೂ ಇಳಿದಿಲ್ಲ. ಒಮ್ಮೆಲೇ ಬೆದರಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ತಂತಿಜಾಲರಿ ಇದ್ದರೆ ನೆತ್ತಿ ಸುಲಿಯುತ್ತದೆ. ಆದ್ದರಿಂದ ಮೊದಲ ಕೆಲಸ, ಆವರಣದ ಮೇಲೆ ಮೆತ್ತನೆಯ ನೈಲಾನ್ ಬಲೆಯನ್ನು ತುಸು ಸಡಿಲವಾಗಿ ಕಟ್ಟುವುದು. ಸಾಕಲು ಪರವಾನಗಿ ಬೇಕೇ ಎಂಬುದನ್ನು ಹಕ್ಕಿ ತರುವ ಮೊದಲೇ ವಿಚಾರಿಸಿಕೊಳ್ಳಿ.

ಒಂದು ಹುಂಜಕ್ಕೆ ಏಳರಿಂದ ಹತ್ತು ಹೇಂಟೆ ಸಾಕು. ಮೊಟ್ಟೆಯ ಕಾಲಕ್ಕೆ ಕೆಲವು ವಾರ ಮುಂಚೆಯೇ ಗುಂಪು ಕಟ್ಟಿ, ನಡುವೆ ಹೊಸ ಹುಂಜವನ್ನು ಬಿಡಬೇಡಿ. ಪಕ್ಕದ ಆವರಣದ ಹುಂಜ ಕಣ್ಣಿಗೆ ಬಿದ್ದರೂ ಸಾಕು, ದಿನವೆಲ್ಲ ಜಾಲರಿಯ ಆಚೀಚೆ ಕಾದಾಟ. ಕೆಳಗಿನ ಅರ್ಧ ಮೀಟರಿಗೆ ತಗಡು ಮರೆ ಮಾಡಿದರೆ ಜಗಳ ಮುಗಿಯಿತು.

ಹೇಂಟೆಗೆ ಮೊಟ್ಟೆಯ ಕಾಲ ಬಂತೆಂದು ತಿಳಿಸುವುದು ಬೆಳಕು. ಹಗಲು ಚಿಕ್ಕದಿದ್ದರೆ ದೀಪ ಹಾಕಿ, ಬೆಳಕಿನ ಅವಧಿಯನ್ನು ನಿಧಾನವಾಗಿ 14ರಿಂದ 16 ಗಂಟೆಗೆ ಏರಿಸಿ. ಆಹಾರದಲ್ಲಿ 18ರಿಂದ 20 ಶೇಕಡಾ ಪ್ರೋಟೀನ್ ಇರಲಿ, ಜೊತೆಗೆ ಕಪ್ಪೆಚಿಪ್ಪಿನ ಚೂರು.

ಗೂಡಿನ ಪೆಟ್ಟಿಗೆಗೆ ಹಣ ಸುರಿಯಬೇಡಿ, ಹೇಂಟೆ ಅದರತ್ತ ತಿರುಗಿಯೂ ನೋಡುವುದಿಲ್ಲ. ಗೋಡೆಗೆ ಸೊಪ್ಪಿನ ಕೊಂಬೆಗಳನ್ನು ಒರಗಿಸಿಟ್ಟರೆ ಅದರ ಮರೆಯಲ್ಲಿ, ಬರಿ ನೆಲದ ಮೇಲೆ, ಆಲಿವ್ ಬಣ್ಣದ ಮೊಟ್ಟೆ ಇಡುತ್ತದೆ. ದಿನಕ್ಕೆ ಎರಡು ಮೂರು ಬಾರಿ, ಒಬ್ಬರೇ, ಸದ್ದಿಲ್ಲದೆ ಹೋಗಿ ಆಯ್ದು ತನ್ನಿ. ತಡವಾದರೆ ಒಂದು ಹಕ್ಕಿ ಮೊಟ್ಟೆ ಕುಕ್ಕಿ ರುಚಿ ನೋಡುತ್ತದೆ, ಉಳಿದವು ಅದನ್ನು ನೋಡಿ ಕಲಿಯುತ್ತವೆ. ಆ ಚಟ ಬಿಡಿಸುವುದು ಬಲು ಕಷ್ಟ. ಕೊಳೆಯಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆದರೆ ರೋಗಾಣುವನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡಂತೆ. ಒಣಗಿದ್ದನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ. ನೀಲಿ ಛಾಯೆಯ ಮೊಟ್ಟೆ ನೋಡಲು ಚೆಂದ, ಆದರೆ ಅದು ಮರಿಯಾಗುವುದು ಕಡಿಮೆ. ಅಂಥವನ್ನು ಅಡುಗೆಮನೆಗೆ ಕಳಿಸಿ.

ಕಾವಿಗಿಡುವವನ್ನು ಚೂಪು ತುದಿ ಕೆಳಗಾಗಿ ತಂಪಿನಲ್ಲಿಡಿ, ವಾರ ಮೀರಿಸಬೇಡಿ. ಆವರಣದಲ್ಲಿರುವ ಹೇಂಟೆ ಕಾವು ಕೂರುವುದು ಅಪರೂಪ. ಫ್ಯಾನ್ ಇರುವ ಇನ್‌ಕ್ಯುಬೇಟರಿನಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ 23ರಿಂದ 25 ದಿನಕ್ಕೆ ಮರಿ ಹೊರಬರುತ್ತದೆ. ಕೊನೆಯ ಮೂರು ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವ ಹೆಚ್ಚಿಸಿ.

ಮರಿಗಳಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು. ನೀರಿನ ತಟ್ಟೆಯಲ್ಲಿ ಗೋಲಿಯಷ್ಟು ಕಲ್ಲುಗಳನ್ನು ತುಂಬಿ. ಇಲ್ಲದಿದ್ದರೆ ಬೆರಳುದ್ದದ ಆ ಮರಿಗಳು ಕುಡಿಯಲು ಹೋಗಿ ಮುಳುಗುತ್ತವೆ.