ಶಾಲು ಹಾರ ಇಲ್ಲದ ಸಲಹಾ ಮಂಡಳಿ: ನಮ್ಮ ರೇಷ್ಮೆ ಕಂಪನಿಯ ಅನುಭವ

ರೈತರೇ ಷೇರು ಹಾಕಿ ಕಟ್ಟಿದ ರೈತ ಉತ್ಪಾದಕರ ಕಂಪನಿ ನಡೆಸುವವರು ನಾಲ್ಕು ಜನ ಸೇರಿದ ಕಡೆ ಸಲಹಾ ಮಂಡಳಿಯ ಮಾತು ಬಂದರೆ ಎಲ್ಲರಿಗೂ ನಗು. ಲೆಟರ್‌ಹೆಡ್ ಮೇಲೆ ಹೆಸರು, ಫ್ಲೆಕ್ಸ್ ಮೇಲೆ ಫೋಟೋ, ಅಷ್ಟೇ ಅಲ್ವಾ? ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ರೇಷ್ಮೆ ರೈತರ ಕಂಪನಿಯಲ್ಲಿ ಇದು ಈಗ ಮೂರು ವರ್ಷದಿಂದ ನಿಜವಾಗಿ ಕೆಲಸಕ್ಕೆ ಬರುತ್ತಿದೆ. ಆಗ ನಕ್ಕವರಲ್ಲಿ ಇಬ್ಬರು ಮೊನ್ನೆ ಫೋನ್ ಮಾಡಿ ನಾವು ಸಲಹೆಗಾರರಿಗೆ ಕೊಡುವ ಪತ್ರದ ಕಾಪಿ ಕೇಳಿದರು. ಒಬ್ಬೊಬ್ಬರಿಗೂ ಹೇಳಿಕೊಂಡು ಕೂರುವ ಬದಲು ಬರೆದೇಬಿಡೋಣ ಅನ್ನಿಸಿತು. ನಾನು ಇಲ್ಲಿ ಸಿಇಒ. ಷೇರು, ಎಜಿಎಂ (ವಾರ್ಷಿಕ ಸಭೆ), ಆಡಿಟ್ ಇವೆಲ್ಲ ನಿಮಗೆ ಗೊತ್ತಿರುವುದೇ, ಅದಕ್ಕೆ ಹೋಗುವುದಿಲ್ಲ.

ನಮಗೂ ಮೊದಲು ಒಂದು ಮಂಡಳಿ ಇತ್ತು. ಕಂಪನಿ ಉದ್ಘಾಟನೆಯ ಹೊತ್ತಿಗೆ ಆದದ್ದು. ಒಬ್ಬ ಮಾಜಿ ಜನಪ್ರತಿನಿಧಿ, ಬೆಂಗಳೂರಿನಲ್ಲಿ ನೆಲೆಸಿದ ನಿವೃತ್ತ ದೊಡ್ಡ ಅಧಿಕಾರಿ, ಒಬ್ಬ ಡಾಕ್ಟರು, ನಮ್ಮ ಕಡೆಯಿಂದಲೇ ಹೋಗಿ ಲೇಔಟ್ ಮಾಡಿ ಗೆದ್ದ ಒಬ್ಬರು. ಎಲ್ಲರೂ ಸಾಧಿಸಿದವರೇ, ಅದರಲ್ಲಿ ಅನುಮಾನ ಇಲ್ಲ. ಮೊದಲ ಸಭೆಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫ್ಲೆಕ್ಸ್, ಶಾಮಿಯಾನ, ಊಟ, ಕಾರಿಗೆ ಡೀಸೆಲ್ ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಒಬ್ಬರು ದೀಪ ಹಚ್ಚಿ ಹೊರಟರು. ಇನ್ನೊಬ್ಬರು ಮಾತು ಶುರು ಮಾಡಿದಾಗ ಹತ್ತೂವರೆ, ಮುಗಿಸಿದಾಗ ಊಟದ ಹೊತ್ತು. ಹಿಪ್ಪುನೇರಳೆ ಅನ್ನುವ ಪದ ಒಂದು ಸಲವೂ ಬರಲಿಲ್ಲ. ಆಮೇಲಿನ ಸಭೆಗಳಿಗೆ ಕಾರು ಕಳಿಸಿದ್ದು ನಾವು, ಖಾಲಿ ಬಂದದ್ದು ಕಾರು.

ಕೇಂದ್ರ ಸರ್ಕಾರದ 10,000 ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಯೋಜನೆಯಲ್ಲಿ ನಿರ್ವಹಣೆಗೆ ಸಿಗುವುದು ಮೂರು ವರ್ಷಕ್ಕೆ ಹೆಚ್ಚೆಂದರೆ 18 ಲಕ್ಷ. ಅದರಲ್ಲೇ ಸಂಬಳ, ಬಾಡಿಗೆ, ಕಂಪ್ಯೂಟರ್. ಅಂಥದ್ದರಲ್ಲಿ ಲಕ್ಷದ ಮೇಲೆ ಈ ಮಂಡಳಿಗೇ ಕರಗಿತು. ಬಂದ ಲಾಭ ಅಂದರೆ ಬ್ಯಾಂಕಿಗೆ ಮಾಡಿಸಿದ ಒಂದು ಫೋನ್. ಅದರಿಂದ ಸಾಲ ಸಿಗಲಿಲ್ಲ, ಚಹಾ ಸಿಕ್ಕಿತು. ಜೊತೆಗೆ ತಲೆನೋವು ಬೇರೆ. ಒಬ್ಬರ ಅಣ್ಣನ ಮಗನಿಗೆ ನಮ್ಮಲ್ಲಿ ಕೆಲಸ ಬೇಕಿತ್ತು. ಇನ್ನೊಬ್ಬರ ನೆಂಟರ ಅಂಗಡಿಯಿಂದಲೇ ಗೊಬ್ಬರ ತೆಗೀಬೇಕಿತ್ತು.

ಇವರನ್ನೆಲ್ಲ ಬೇಡ ಅನ್ನುವುದು ಹೇಗೆ? ಊರಲ್ಲಿ ಮುಖ ನೋಡಬೇಕಲ್ಲ. ಬೈಯಿಸಿಕೊಳ್ಳದೆ ಆದದ್ದು ಹೀಗೆ: ಎಲ್ಲರಿಗೂ ‘ಗೌರವ ಪೋಷಕರು’ ಅಂತ ಬಡ್ತಿ ಕೊಟ್ಟೆವು. ವರ್ಷಕ್ಕೊಮ್ಮೆ ಎಜಿಎಂ ದಿನ ಕರೆಯುತ್ತೇವೆ, ಮೊದಲ ಸಾಲಿನ ಕುರ್ಚಿ, ಒಂದು ನಮಸ್ಕಾರ. ಅವರಿಗೂ ಸಂತೋಷ. ಸಲಹಾ ಮಂಡಳಿಯ ಕುರ್ಚಿಗಳು ಖಾಲಿಯಾದವು.

ಆಗ ನಮ್ಮ ಆಡಿಟರ್, ತಿಳಿದವರು ಬೇಕಿದ್ದರೆ ಎಕ್ಸ್‌ಪರ್ಟ್ ಡೈರೆಕ್ಟರ್ ಮಾಡ್ಕೊಳ್ಳಿ ಅಂದರು. ಕಾನೂನಿನಲ್ಲಿ ದಾರಿ ಇದೆ. ಆದರೆ ಬೋರ್ಡಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಸೇರಿಸುವ ಹಾಗಿಲ್ಲ. ನಮ್ಮದು ಹತ್ತು ಜನರ ಬೋರ್ಡು, ಅಂದರೆ ಇಬ್ಬರು. ಅವರಿಗೆ ಡಿಐಎನ್ (ನಿರ್ದೇಶಕರ ಗುರುತಿನ ಸಂಖ್ಯೆ) ಆಗಬೇಕು, ಹೊಣೆ ಬೀಳುತ್ತದೆ. ನಮ್ಮ ಕಡೆ ನಿವೃತ್ತರಾದವರಿಗೆ ಸಹಿ ಅಂದರೇ ಜ್ವರ ಬರುತ್ತದೆ. ಸಲಹೆಗಾರರಿಗಾದರೆ ಓಟಿಲ್ಲ, ಸಹಿ ಇಲ್ಲ. ಚೆಕ್ಕಿಗೂ ಅವರಿಗೂ ಸಂಬಂಧ ಇಲ್ಲ. ಇದನ್ನು ಮೊದಲ ಮಾತಲ್ಲೇ ಹೇಳಿದರೆ ಅರ್ಧ ಜನ ಅಲ್ಲೇ ಒಪ್ಪುತ್ತಾರೆ.

ಹೆಸರು ಹುಡುಕುವುದಕ್ಕೆ ಮೊದಲು ಹಿಂದಿನ ವರ್ಷ ದುಡ್ಡು ಎಲ್ಲೆಲ್ಲಿ ಸೋರಿತು ಅಂತ ಒಂದು ಹಾಳೆಯಲ್ಲಿ ಬರೆದೆ. ನಮ್ಮ ಚಾಕಿ ಕೇಂದ್ರದಿಂದ (ಮರಿ ಹುಳು ಬೆಳೆಸಿ ರೈತರಿಗೆ ಕೊಡುವ ಕಡೆ) ಹೋದ ಹುಳುವಿನ ಬಗ್ಗೆ ದೂರು, ಅದರ ಪರಿಹಾರ. ಪಕ್ಕದ ತೋಟದ ಔಷಧಿ ತೂರಿ ಸತ್ತ ಹುಳು. ಮಾರುಕಟ್ಟೆಯಲ್ಲಿ ನಮ್ಮ ಊರುಗಳ ಗೂಡಿಗೆ ಕಿಲೋಗೆ 25-30 ರೂಪಾಯಿ ಕಮ್ಮಿ ಕೂಗು. ಬ್ಯಾಂಕಿನಿಂದ ವಾಪಸ್ ಬಂದ ಸಾಲದ ಅರ್ಜಿ. ಒಂದೊಂದು ತೂತಿಗೂ ಒಬ್ಬೊಬ್ಬರನ್ನು ಹುಡುಕಿದೆವು. ರೇಷ್ಮೆ ಇಲಾಖೆಯಲ್ಲಿ ವಿಸ್ತರಣಾಧಿಕಾರಿಯಾಗಿ ನಿವೃತ್ತರಾದವರು ಒಬ್ಬರು, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಸ್ತ್ರೀಶಕ್ತಿ ಸಂಘಗಳನ್ನು ಕಟ್ಟಿ ಬೆಳೆಸಿದ ಅಕ್ಕ ಒಬ್ಬರು, ಹೈಸ್ಕೂಲ್ ಮೇಷ್ಟ್ರು ಒಬ್ಬರು. ಇಲ್ಲಿಯವರೆಗೆ ಬೋರ್ಡಿನಲ್ಲಿ ಯಾರದೂ ತಕರಾರಿಲ್ಲ.

ಉಳಿದ ಇಬ್ಬರ ಹೆಸರು ಹೇಳಿದೆ ನೋಡಿ, ಗಲಾಟೆ ಶುರುವಾಯಿತು. ಒಬ್ಬರು ಪಟ್ಟಣದ ಹಳೆಯ ರೀಲರ್ ಸಾಹೇಬರು, ಅಂದರೆ ನಮ್ಮ ಗೂಡು ಕೊಂಡು ನೂಲು ತೆಗೆಯುವವರು. ಇನ್ನೊಬ್ಬರು ದಿಲ್‌ಖುಷ್ ದ್ರಾಕ್ಷಿ ಬೆಳೆಯುವ ಗೌಡರು, ಅಂದರೆ ಔಷಧಿ ಹೊಡೆಯುವವರು. ‘ಕಳ್ಳನ ಕೈಗೆ ಕೀಲಿಕೈ ಕೊಡ್ತೀರಾ?’ ಅಂತ ಒಬ್ಬ ನಿರ್ದೇಶಕರು ಎದ್ದು ಹೋದರು. ಅಧ್ಯಕ್ಷರು ಕೊನೆಗೆ ಎರಡು ಸಭೆ ನೋಡೋಣ ಅಂದರು. ಒಂದು ಕಟ್ಟಳೆ ಹಾಕಿದರು: ರೇಟಿನ ವಿಷಯ ಬಂದಾಗ ಸಾಹೇಬರು ಹೊರಗೆ, ಯಾವ ಸದಸ್ಯರ ಲಾಟ್ ಯಾವತ್ತು ಬರುತ್ತದೆ ಅನ್ನುವ ಪಟ್ಟಿ ಅವರ ಕಣ್ಣಿಗೆ ಬೀಳಬಾರದು. ಸಾಹೇಬರು ನಕ್ಕು ಒಪ್ಪಿದರು. ‘ಹರಾಜಲ್ಲಿ ಹೇಗೂ ನೋಡ್ತೀನಲ್ಲಪ್ಪ’ ಅಂದರು.

ಅವರು ಮೊದಲ ಸಭೆಗೆ ಬಂದದ್ದು ಜೇಬಲ್ಲಿ ಬ್ಲೇಡ್ ಇಟ್ಟುಕೊಂಡು. ನಮ್ಮದೇ ಒಂದೂರಿನ ಹಳದಿ ಗೂಡು ಒಂದು ಹಿಡಿ ತರಿಸಿದರು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಸದ್ದಿಲ್ಲ. ತುದಿ ಕುಯ್ದು ಅಂಗೈ ಮೇಲೆ ಕೊಡವಿದರು. ಒಳಗಿನ ಹುಳು ಇನ್ನೂ ಪೂರ್ತಿ ಕೋಶ (ಪ್ಯೂಪಾ) ಆಗಿರಲಿಲ್ಲ, ತೊಗಲು ಮೆತ್ತಗೆ, ಹೆಬ್ಬೆರಳು ಮುಟ್ಟಿದ್ದಕ್ಕೇ ಒಡೆದು ನೀರು ಬಂತು. ಇನ್ನೊಂದು ಕುಯ್ದರು, ಒಳಗೋಡೆಯೆಲ್ಲ ಕಂದು ಕಲೆ. ‘ಚೀಲದಲ್ಲಿ ತುಂಬಿ ಟೆಂಪೋದಲ್ಲಿ ಕುಲುಕಿದ್ರೆ ಹೀಗಾಗುತ್ತೆ. ಬಿಸಿನೀರಲ್ಲಿ ಎಳೆ ಹರೀತದೆ. ನಿಮ್ಮೂರಿನೋರು ನಾಲ್ಕನೇ ದಿನಕ್ಕೇ ಬಿಡಿಸ್ತಾರೆ ಅಂತ ನಮಗೆಲ್ಲ ಗೊತ್ತು. ಅದಕ್ಕೇ ಕಮ್ಮಿ ಕೂಗೋದು’ ಅಂದರು. ಎದ್ದು ಹೋಗಿದ್ದ ನಿರ್ದೇಶಕರು ಅವತ್ತು ಬಂದಿದ್ದರು. ಅವರೂ ಒಂದು ಗೂಡು ಕುಯ್ದು ನೋಡಿದರು. ಮಾತಾಡಲಿಲ್ಲ.

ಹುಳುವನ್ನು ಗೂಡು ಕಟ್ಟಲು ಬಿಟ್ಟ ಮೇಲೆ ಮಿಶ್ರತಳಿಯದನ್ನು ಐದಾರನೇ ದಿನಕ್ಕೆ, ಬೈವೋಲ್ಟೀನ್ (ಬಿಳಿ ಗೂಡಿನ ತಳಿ) ಆದರೆ ಏಳೆಂಟಕ್ಕೆ ಬಿಡಿಸಬೇಕು. ಇದು ಯಾರಿಗೆ ಗೊತ್ತಿಲ್ಲ? ತೂಕ ಇಳಿಯುತ್ತೆ ಅನ್ನೋ ಭಯಕ್ಕೆ ಎಲ್ಲರೂ ಬೇಗ ಬಿಡಿಸುತ್ತಾರೆ. ನಾವು ನೂರು ಸಲ ಹೇಳಿದರೂ ಕೇಳದವರು ಕೊಳ್ಳುವವರ ಬಾಯಿಂದ ಬಂದಾಗ ಕೇಳಿದರು. ಊರೂರಿಗೆ ಸಾಹೇಬರನ್ನು ಬ್ಲೇಡ್ ಸಮೇತ ಕರೆದುಕೊಂಡು ಹೋದೆವು. ಒಂದೂವರೆ ವರ್ಷದಲ್ಲಿ ಆ 25-30 ರೂಪಾಯಿಯ ಅಂತರ ಎಂಟು ಹತ್ತಕ್ಕೆ ಇಳಿಯಿತು. ಒಂದೆರಡು ಸಲ ನಮ್ಮ ಲಾಟು ಆ ದಿನದ ಮೇಲಿನ ರೇಟಿಗೂ ಹೋಯಿತು, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ದ್ರಾಕ್ಷಿ ಗೌಡರದು ಇನ್ನೂ ದೊಡ್ಡ ಕತೆ. ಒಂದು ಬೇಸಿಗೆಯಲ್ಲಿ ಹದಿನೈದಿಪ್ಪತ್ತು ಮನೆಯ ಹುಳು ನಾಲ್ಕನೇ ಹಂತದಲ್ಲಿ ತಲೆ ಎತ್ತಿ ಹಸಿರು ವಾಂತಿ ಮಾಡಿಕೊಂಡು ಸತ್ತಿದ್ದವು. ಎಲ್ಲ ಸೇರಿ ಆರೇಳು ಲಕ್ಷ ಹೋಗಿತ್ತು. ಪಂಚಾಯಿತಿ, ಪೊಲೀಸ್ ಕಂಪ್ಲೇಂಟ್ ಎಲ್ಲ ಆಗಿ ಎರಡು ಕಡೆಯವರೂ ಮಾತು ಬಿಟ್ಟಿದ್ದರು. ಗೌಡರು ಬಂದ ಮೇಲೆ ಒಂದು ವಾಟ್ಸಾಪ್ ಗುಂಪು ಮಾಡಿದರು, ತೋಟದವರೂ ಹುಳು ಸಾಕುವವರೂ ಒಂದೇ ಗುಂಪಿನಲ್ಲಿ. ಯಾವ ಸರ್ವೆ ನಂಬರಿಗೆ ನಾಳೆ ಔಷಧಿ ಅಂತ ಹಿಂದಿನ ರಾತ್ರಿಯೇ ಬರುತ್ತದೆ. ಗಾಳಿ ಇಲ್ಲದ ಬೆಳಗಿನ ಹೊತ್ತು ಮಾತ್ರ ಹೊಡೆಯುವುದು. ನಮ್ಮವರು ಮೊದಲೇ ಸೊಪ್ಪು ಕುಯ್ದಿಟ್ಟುಕೊಳ್ಳುತ್ತಾರೆ, ಬದುವಿನ ಕಡೆಯ ಮೂರ್ನಾಲ್ಕು ಸಾಲಿನ ಸೊಪ್ಪನ್ನು ಹುಳುವಿಗೆ ಹಾಕುವುದೇ ಇಲ್ಲ. ಇದಕ್ಕೆ ಪ್ರತಿಯಾಗಿ ಗೌಡರು ಕೇಳಿದ್ದು ಹುಳುವಿನ ಹಿಕ್ಕೆ, ದ್ರಾಕ್ಷಿ ಗಿಡಕ್ಕೆ ಗೊಬ್ಬರ. ಟ್ರ್ಯಾಕ್ಟರ್ ಅವರದೇ. ಅಲ್ಲಿಂದೀಚೆಗೆ ಒಂದೆರಡು ಮನೆಯಲ್ಲಿ ಹುಳು ಹೋಗಿದ್ದುಂಟು, ಊರಿಗೆ ಊರೇ ಹೋಗಿಲ್ಲ.

ಗೌಡರನ್ನು ಒಪ್ಪಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಬರೆಯುವುದಿಲ್ಲ. ಪಕ್ಕದ ತಾಲ್ಲೂಕಿನ ಕಂಪನಿಯವರು ಈಗಾಗಲೇ ನಮ್ಮ ಚಾಕಿ ಹುಳು ಹಂಚುವ ಗಾಡಿ ಓಡುವ ದಾರಿಯನ್ನು ನೋಡಿ ಕಲಿತುಕೊಂಡು ಹೋಗಿದ್ದಾರೆ, ಇದಾದರೂ ನಮ್ಮಲ್ಲೇ ಇರಲಿ.

ವಿಸ್ತರಣಾಧಿಕಾರಿಯವರ ಕೆಲಸ ತಿಂಗಳಿಗೆ ಎರಡು ಸಲ ಹೇಳದೆ ಚಾಕಿ ಮನೆಗೆ ಬರುವುದು. ಬಂದ ಮೊದಲ ಸಲವೇ ತಟ್ಟೆಗೆ ಕೈ ಇಟ್ಟು, ಜ್ವರಕ್ಕೆ ಕೂತ (ಅಂದರೆ ಪೊರೆ ಕಳಚಲು ಸುಮ್ಮನೆ ಕೂತ) ಹುಳುವಿನ ಮೇಲೆ ಯಾಕಪ್ಪ ಪೇಪರ್ ಮುಚ್ಚಿದ್ದೀರಿ ಅಂದರು. ಹಾಸಿಗೆ ಒದ್ದೆ ಇತ್ತು. ಪೇಪರ್ ತೆಗೆಸಿ ಸುಣ್ಣದ ಪುಡಿ ಉದುರಿಸಿದರು. ಹುಳು ಒಟ್ಟಿಗೆ ಏಳುತ್ತಿರಲಿಲ್ಲ, ಹೆಚ್ಚುಕಮ್ಮಿ ಆಗುತ್ತಿತ್ತು, ಅದಕ್ಕೆ ಕಾರಣ ಅದೇ. ದೂರು ನೂರಕ್ಕೆ ಹನ್ನೆರಡು ಇದ್ದದ್ದು ಈಗ ಮೂರ್ನಾಲ್ಕು. ನೂರು ಮೊಟ್ಟೆ ಚಾಕಿಗೆ (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ) 3,500ರ ಆಸುಪಾಸು ತೆಗೆದುಕೊಳ್ಳುತ್ತೇವೆ. ತಿಂಗಳಿಗೆ ಎಂಟು ಸಾವಿರ ಮೊಟ್ಟೆ ಹೋಗುತ್ತಿದ್ದದ್ದು ಹದಿನೈದು ಸಾವಿರ ಮುಟ್ಟಿದೆ.

ಅಕ್ಕ ಹೇಳಿದ್ದು ಒಂದೇ ಮಾತು: ‘ಹುಳ ಸಾಕೋರು ಹೆಂಗಸರು ನಾವು, ಮೀಟಿಂಗಿಗೆ ಬರೋರು ಗಂಡಸರು.’ ಅಂದಿನಿಂದ ತರಬೇತಿ ಮಧ್ಯಾಹ್ನ ಮೂರಕ್ಕೆ, ಊರಲ್ಲೇ, ಯಾರದಾದರೂ ಹುಳುವಿನ ಮನೆಯಲ್ಲಿ. ಚಾಕಿ ಗಾಡಿ ಬೆಳಗ್ಗೆ ಆರೂವರೆ ಒಳಗೆ. ಬ್ಯಾಂಕ್ ಮ್ಯಾನೇಜರ್ ನಮ್ಮ ಫೈಲ್ ಓದಿ, ‘ಬ್ಯಾಲೆನ್ಸ್ ಶೀಟ್ ಇರಲಿ, ಸ್ಟಾಕ್ ರಿಜಿಸ್ಟರ್ ಎಲ್ಲಿ?’ ಅಂದರು. ಅದನ್ನು ಸರಿ ಮಾಡಿ ಕಳಿಸಿದ ಮೇಲೆ 20 ಲಕ್ಷ ಸಾಲ ಆಯಿತು, ಯಾರ ಫೋನೂ ಇಲ್ಲದೆ.

ಇನ್ನು ಪದ್ಧತಿ. ಪ್ರತಿಯೊಬ್ಬರಿಗೂ ಒಂದು ಪುಟದ ಪತ್ರ. ಅದರಲ್ಲಿ ಒಂದೇ ಕೆಲಸ, ಒಂದು ವರ್ಷದ ಅವಧಿ, ಮತ್ತೆ ನಾವು ಏನೇನು ಕೇಳುವುದಿಲ್ಲ ಅನ್ನುವುದು: ಚಂದಾ ಕೇಳಲ್ಲ, ಶಿಫಾರಸು ಕೇಳಲ್ಲ, ಫೋಟೋ ಹಾಕಲ್ಲ. ಫೋಟೋ ಹಾಕಲ್ಲ ಅಂದಾಗ ಒಬ್ಬರು ಬೇಸರ ಮಾಡಿಕೊಂಡು ಬಿಟ್ಟೂ ಹೋದರು, ಒಳ್ಳೆಯದೇ ಆಯಿತು. ವರ್ಷಕ್ಕೆ ನಾಲ್ಕು ಸಭೆ. ಓಡಾಟಕ್ಕೆ 500 ರೂಪಾಯಿ, ಹೊರಡುವ ಮೊದಲೇ ಕವರಿನಲ್ಲಿ. ಬಿಲ್ಲು ಕೊಡಿ ಅನ್ನಬೇಡಿ, ದೊಡ್ಡವರು ಕೇಳಲ್ಲ, ಕೈಯಿಂದ ಹಾಕಿಕೊಳ್ಳುತ್ತಾರೆ, ಮೂರನೇ ಸಭೆಗೆ ಬರಲ್ಲ. ಊಟಕ್ಕೆ ಮುದ್ದೆ, ಬಸ್ಸಾರು. ಒಂದು ಸಭೆಗೆ ಐದಾರು ಸಾವಿರದಲ್ಲಿ ಮುಗಿಯುತ್ತದೆ. ಮೀಟಿಂಗ್ ಕನ್ನಡದಲ್ಲಿ ನಡೆಯುತ್ತದೆ, ಆದರೆ ಟೀ ಹೊತ್ತಿಗೆ ಎಲ್ಲರೂ ತೆಲುಗಿಗೆ ಇಳಿಯುತ್ತಾರೆ, ನಿಜವಾದ ಮಾತು ಹೊರಬರುವುದು ಆಗ. ಅದಕ್ಕೇ ಟೀ ಮೊದಲೇ ಕೊಟ್ಟುಬಿಡುತ್ತೇನೆ.

ವರದಿ ಓದುವುದಿಲ್ಲ. ವಾರ ಮೊದಲು ಒಂದು ಪ್ರಶ್ನೆ ಕಳಿಸುತ್ತೇವೆ, ಅಷ್ಟೇ. ಆದರೆ ಎಲ್ಲಕ್ಕಿಂತ ಕೆಲಸ ಮಾಡಿದ್ದು ಮೇಷ್ಟ್ರ ಪುಸ್ತಕ. ಅಧಿಕಾರ ಇಲ್ಲದ ಸಲಹೆಗೆ ಏನು ಬೆಲೆ ಅಂತ ಒಬ್ಬ ನಿರ್ದೇಶಕರು ಕೆಣಕಿದಾಗ ಮೇಷ್ಟ್ರು 1881ಕ್ಕೆ ಹೋದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೂ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಆದರೆ ದಿವಾನರು ಸಭೆಯ ಮುಂದೆ ನಿಂತು ವರ್ಷದ ಲೆಕ್ಕ ಒಪ್ಪಿಸಬೇಕಿತ್ತು, ನೀವೂ ಒಪ್ಪಿಸಿ ಅಂದರು. ಹಾಗಾಗಿ ಒಂದು ದಪ್ಪ ನೋಟ್‌ಬುಕ್. ಎಡಗಡೆ ಅವರು ಹೇಳಿದ್ದು, ಬಲಗಡೆ ನಾವು ಮಾಡಿದ್ದು. ಮಾಡದಿದ್ದರೆ ಯಾಕೆ ಅಂತ. ಪ್ರತಿ ಸಭೆ ಶುರುವಾಗುವುದು ಆ ಬಲಗಡೆ ಓದುವುದರಿಂದ. ‘ಮಾಡಿಲ್ಲ, ದುಡ್ಡಿರಲಿಲ್ಲ’ ಅಂತ ಓದಿದ ದಿನ ಯಾರೂ ಬೇಜಾರಾಗಲಿಲ್ಲ. ಕಮ್ಮಿ ದುಡ್ಡಲ್ಲಿ ಹೇಗೆ ಮಾಡಬಹುದು ಅಂತ ಒಂದು ಗಂಟೆ ಮಾತಾಡಿದರು. ಬರುವುದನ್ನೂ ನಿಲ್ಲಿಸಲಿಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಇಂಜಿನಿಯರ್ ಹುಡುಗರನ್ನು ಆನ್‌ಲೈನ್‌ನಲ್ಲಿ ಸಲಹೆಗಾರರು ಮಾಡಿದೆವು. ನೆಟ್‌ವರ್ಕ್ ಇಲ್ಲ, ಇದ್ದಾಗ ಯಾರದೋ ಮನೆಯ ಮಿಕ್ಸಿ ಸದ್ದು. ಅದು ನಿಂತಿತು. ಆದರೆ ಅದರಲ್ಲೊಬ್ಬ ಹುಡುಗ ಚಾಕಿ ಮನೆಗೆ ತೇವಾಂಶ ತೋರಿಸುವ ಒಂದು ಡಬ್ಬಿ ಮಾಡಿಕೊಟ್ಟ, ನಾಲ್ಕು ಸಾವಿರ ಖರ್ಚು, ಇವತ್ತಿಗೂ ನಡೆಯುತ್ತಿದೆ. ವರ್ಷದ ಒಳ್ಳೆಯ ಸಲಹೆಗೆ ಬಹುಮಾನ ಅಂತ ಒಂದು ಮಾಡಿದೆವು. ಅರವತ್ತು ದಾಟಿದವರು ಹುಡುಗರ ಹಾಗೆ ಜಗಳವಾಡಿದರು. ಮಾರನೇ ವರ್ಷ ಅದನ್ನು ಕೈಬಿಟ್ಟೆವು.

ಈಗ ಮೇಷ್ಟ್ರ ಅವಧಿ ಮುಗಿಯುತ್ತಿದೆ. ನೋಟ್‌ಬುಕ್ಕನ್ನು ಅಕ್ಕನಿಗೆ ಒಪ್ಪಿಸಿದ್ದಾರೆ. ಆ ಕುರ್ಚಿಗೆ ನಾನು ಹೇಳಿದ ಹೆಸರು ಬಸ್ ಸ್ಟ್ಯಾಂಡ್ ಹತ್ತಿರದ ಗೊಬ್ಬರ, ಔಷಧಿ ಅಂಗಡಿಯವರದು. ನಮ್ಮ ಕಂಪನಿಯ ಅಂಗಡಿಗೆ ನೇರ ಎದುರಾಳಿ. ಆದರೆ ಯಾವ ಊರಿಗೆ ಯಾವ ಔಷಧಿ ಎಷ್ಟು ಹೋಗುತ್ತಿದೆ ಅಂತ ತಾಲ್ಲೂಕಿನಲ್ಲಿ ಅವರಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ. ಬೋರ್ಡಿನಲ್ಲಿ ಅದೇ ನಿರ್ದೇಶಕರು ಮತ್ತೆ ಎದ್ದು ನಿಂತಿದ್ದಾರೆ, ಈ ಸಲ ಹೊರಗೆ ಹೋಗಿಲ್ಲ. ಅಂಗಡಿಯವರಿಗೆ ಮುಂದಿನ ಸಭೆಯ ದಿನ ಸುಮ್ನೆ ಊಟಕ್ಕೆ ಬನ್ನಿ ಅಂತ ಹೇಳಿಟ್ಟಿದ್ದೇನೆ.