ಬೆಳಕಿಗೆ ಬ್ರೇಕ್ ಇಲ್ಲ: ನನ್ನ ಎಂ.ಟೆಕ್ ಪ್ರಾಜೆಕ್ಟ್ ಅನುಭವ
ಬೆಳಕಲ್ಲೇ ಓಡೋ ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ (ಡೇಟಾದ ತುಂಡು) ಕಾಯ್ಸೋದು ಹೆಂಗೆ ಅನ್ನೋ ಟಾಪಿಕ್ ತಗೊಂಡಾಗ ಬಫರ್ ಅಂದ್ರೆ ಮೆಮೊರಿ ಅಂತಷ್ಟೇ ಗೊತ್ತಿತ್ತು ನಂಗೆ. ಪ್ಯಾಕೆಟ್ ಬಂತು, ಔಟ್‌ಪುಟ್ ಬಿಜಿ ಇದೆ, ರ‍್ಯಾಮ್‌ನಲ್ಲಿ ಇಡು, ಖಾಲಿ ಆದ್ಮೇಲೆ ಕಳ್ಸು. ಆದ್ರೆ ಆಲ್-ಆಪ್ಟಿಕಲ್ ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ಬೆಳಕಾಗೇ ಬಂದು ಬೆಳಕಾಗೇ ಹೋಗ್ಬೇಕು, ಮಧ್ಯೆ ಎಲೆಕ್ಟ್ರಾನಿಕ್ಸ್‌ಗೆ ಇಳಿಯಂಗಿಲ್ಲ, ಅದನ್ನ ಹಿಡ್ದು ನಿಲ್ಸೋಕೆ ರ‍್ಯಾಮ್ ಅನ್ನೋದೂ ಇಲ್ಲ. ತುಮಕೂರಿನ ಗುಬ್ಬಿ ಗೇಟ್ ಸರ್ಕಲ್‌ಗೆ ಬ್ರೇಕೇ ಇಲ್ಲದ ಎರಡು ಬಸ್ ಒಟ್ಟಿಗೆ ಬಂದು ಒಂದೇ ರೋಡಿಗೆ ನುಗ್ಗಿದಂಗೆ. ಒಂದನ್ನ ರಿಂಗ್ ರೋಡ್ ಸುತ್ತಾಕ್ಸಿ ಲೇಟಾಗಿ ತರ್ಬೇಕು, ಅದು ಫೈಬರ್ ಡಿಲೇ ಲೈನ್, ಅಂದ್ರೆ ಬೆಳಕು ಸುತ್ತಿ ಬರೋ ಉದ್ದದ ಫೈಬರ್. ಇಲ್ಲಾ ಪಕ್ಕದ ಲೇನ್‌ಗೆ ತಳ್ಬೇಕು, ಅದು ವೇವ್‌ಲೆಂತ್ ಕನ್ವರ್ಷನ್, ಅಂದ್ರೆ ಬೆಳಕಿನ ಬಣ್ಣ (ವೇವ್‌ಲೆಂತ್) ಬದಲಾಯ್ಸೋದು. ಅದೂ ಆಗ್ಲಿಲ್ವಾ, ಬೆಂಗಳೂರಿಗೆ ಹೋಗೋದನ್ನ ಕುಣಿಗಲ್ ಮೇಲೆ ಕಳ್ಸು, ಅದು ಡಿಫ್ಲೆಕ್ಷನ್. ಮೂರೂ ಆಗ್ಲಿಲ್ಲ ಅಂದ್ರೆ ಪ್ಯಾಕೆಟ್ ಹೋಯ್ತು.

ಪೈಥಾನ್‌ನಲ್ಲಿ ನಾನೇ ಸಿಮ್ಯುಲೇಟರ್ ಬರ್ದೆ. ಮೊದಲ ರಿಸಲ್ಟ್ ನೋಡಿ ಖುಷಿಯೋ ಖುಷಿ, ನಾಲ್ಕೇ ಡಿಲೇ ಲೈನ್ ಹಾಕಿದ್ರೂ ಲಾಸ್ (ಕಳೆದೋಗೋ ಪ್ಯಾಕೆಟ್) ಹತ್ರಹತ್ರ ಸೊನ್ನೆ. ಗ್ರಾಫ್ ಪ್ರಿಂಟ್ ತಗೊಂಡು ಗೈಡ್ ರೂಮಿಗೆ ಹೋದೆ. ಸರ್ ಒಂದ್ ನಿಮಿಷ ನೋಡಿ, "ಅಲ್ಲಪ್ಪಾ, ಲೈನ್ ಒಳಗೆ ಹೋಗಿರೋ ಪ್ಯಾಕೆಟ್ಟನ್ನ ಅರ್ಧ ದಾರೀಲಿ ಹೆಂಗೆ ಆಚೆ ತೆಗ್ದೆ?" ಅಂದ್ರು. ತೆಗೆದಿದ್ದೆ! ಕೋಡಲ್ಲಿ ಲೈನ್‌ನ ಲಿಸ್ಟ್ ಥರ ಬರ್ದಿದ್ದೆ, ಔಟ್‌ಪುಟ್ ಖಾಲಿ ಆದ ತಕ್ಷಣ ಪಾಪ್ ಮಾಡ್ತಿತ್ತು (ಆಚೆ ತೆಗೀತಿತ್ತು), ಅಂದ್ರೆ ಬೆಳಕಿಗೆ ನಾನೇ ಬ್ರೇಕ್ ಹಾಕ್ಕೊಟ್ಟಿದ್ದೆ. ಫೈಬರ್ ಒಳಗೆ ಹೋದ ಮೇಲೆ ಆ ತುದೀಲೇ ಬರ್ಬೇಕು, ಅದೂ ಅದರ ಟೈಮಿಗೇ.

ಇದು ತಲೇಲಿ ಕೂರ್ಲಿ ಅಂತ ಕೇಬಲ್ ಕೆಲ್ಸ ಮಾಡೋ ನಮ್ ಅಣ್ಣನ ಹತ್ರ ಒಂದು ಕಿಲೋಮೀಟರ್ ಫೈಬರ್ ಡ್ರಮ್ ಸಾಲ ತಂದೆ, "ಕಟ್ ಮಾಡ್ಬೇಡ ಕಣೋ, ಹಂಗೇ ವಾಪಸ್ ಬೇಕು" ಅಂತ ಹತ್ತು ಸಲ ಹೇಳಿ ಕೊಟ್ಟ. ಎರಡು ತುದಿಗೂ ಪಿಗ್‌ಟೇಲ್ (ಕನೆಕ್ಟರ್ ಇರೋ ತುಂಡು ಫೈಬರ್) ಸ್ಪ್ಲೈಸ್ ಮಾಡ್ಸಿ, ಅಂದ್ರೆ ಬೆಸೆಸಿ, ಲ್ಯಾಬಲ್ಲಿ ಒಂದು ಕಡೆ ಲೇಸರ್ ಪಲ್ಸ್, ಇನ್ನೊಂದು ಕಡೆ ಫೋಟೋಡಯೋಡ್ (ಬೆಳಕು ಹಿಡಿಯೋ ಸೆನ್ಸರ್) ಇಟ್ಟು ಆಸಿಲೋಸ್ಕೋಪಲ್ಲಿ ನೋಡಿದ್ರೆ ಪಲ್ಸ್ ಹತ್ರಹತ್ರ 4.9 ಮೈಕ್ರೋಸೆಕೆಂಡ್ ಆದ್ಮೇಲೆ ಬಂತು. ಅಷ್ಟು ದೊಡ್ಡ ಡ್ರಮ್ಮಿಗೆ ಅಷ್ಟೇನಾ ಅನ್ಸ್ತು. 10 ಗಿಗಾಬಿಟ್ ಲಿಂಕಲ್ಲಿ 1500 ಬೈಟ್ ಪ್ಯಾಕೆಟ್ ಅಂದ್ರೆ 1.2 ಮೈಕ್ರೋಸೆಕೆಂಡ್, ಫೈಬರಲ್ಲಿ ಅದು ಸುಮಾರು 245 ಮೀಟರ್ ಉದ್ದ. ಹಾಗಾಗಿ ಇಡೀ ಡ್ರಮ್ಮಲ್ಲಿ ಹಿಡ್ಸೋದು ನಾಲ್ಕೇ ಪ್ಯಾಕೆಟ್. ರೂಟರ್‌ಗೆ 250 ಮಿಲಿಸೆಕೆಂಡ್ ಬಫರ್ ಬೇಕು ಅನ್ನೋ ಹಳೇ ಲೆಕ್ಕ ಹಿಡಿದ್ರೆ 51,000 ಕಿ.ಮೀ. ಫೈಬರ್ ಬೇಕು, ಭೂಮಿ ಸುತ್ತಿ ಬಂದ್ರೂ ಇನ್ನೂ ಮಿಗುತ್ತೆ!

ಆಮೇಲೆ ಕಪ್ಲರ್ (ಬೆಳಕನ್ನ ಎರಡು ದಾರಿಗೆ ಹಂಚೋ ಭಾಗ) ಹಾಕಿ ಅದನ್ನೇ ಲೂಪ್ ಮಾಡ್ದೆ, ಒಂದೇ ಫೈಬರಲ್ಲಿ ಸುತ್ತುತ್ತಾ ಇರ್ಲಿ ಅಂತ. 50:50 ಕಪ್ಲರ್ ಪ್ರತಿ ಸುತ್ತಿಗೂ ಅರ್ಧ ಪವರ್ ನುಂಗುತ್ತೆ, ಕನೆಕ್ಟರ್ ಇನ್ನೊಂಚೂರು ತಿನ್ನುತ್ತೆ, ಸ್ಕೋಪಲ್ಲಿ ಪಲ್ಸ್ ಮೆಟ್ಲು ಇಳ್ದಂಗೆ ಚಿಕ್ಕದಾಗ್ತಾ ಐದನೇ ಸುತ್ತಿಗೆ ನಾಯ್ಸಲ್ಲಿ ಮುಳುಗೋಯ್ತು. ಮಧ್ಯೆ ಆಂಪ್ಲಿಫೈಯರ್ ಹಾಕ್ಬೋದು, ಆದ್ರೆ ಅದೂ ಪ್ರತಿ ಸುತ್ತಿಗೂ ತನ್ನ ನಾಯ್ಸ್ ಸೇರ್ಸುತ್ತೆ. ಇನ್ನೊಂದು, ಲೂಪು ಪ್ಯಾಕೆಟ್‌ಗಿಂತ ಉದ್ದ ಇರ್ಲೇಬೇಕು, ಇಲ್ದಿದ್ರೆ ಪ್ಯಾಕೆಟ್ ತಲೆ ತನ್ನ ಬಾಲಕ್ಕೇ ಗುದ್ದುತ್ತೆ. ಡ್ರಮ್ ವಾಪಸ್ ಕೊಟ್ಟೆ, ಪಿಗ್‌ಟೇಲ್‌ಗೆ ಬೈಸ್ಕೊಂಡೆ.

ಕೋಡ್ ಮತ್ತೆ ಮೊದ್ಲಿಂದ ಬರ್ದೆ. ಈ ಸಲ ಬುದ್ಧಿ ಬಂದಿತ್ತು, ಡಿಲೇ ಲೈನೇ ಇಲ್ದೆ ರನ್ ಮಾಡಿ ಅರ್ಲಾಂಗ್ ಬಿ ಫಾರ್ಮುಲಾ (ಕಾಯೋಕೆ ಜಾಗ ಇಲ್ದಿದ್ರೆ ಎಷ್ಟು ಕಳೆದೋಗುತ್ತೆ ಅಂತ ಹೇಳೋ ಲೆಕ್ಕ) ಜೊತೆ ತಾಳೆ ನೋಡ್ದೆ. ಲೋಡ್ ಶೇ. 50 ಇಟ್ರೆ ಒಂದೇ ವೇವ್‌ಲೆಂತ್‌ಗೆ ಲಾಸ್ ಶೇ. 33. ಯಾವುದರಿಂದ ಯಾವುದಕ್ಕೆ ಬೇಕಾದ್ರೂ ಬದಲಾಯ್ಸಬಹುದು ಅಂತ ಬಿಟ್ರೆ 4 ವೇವ್‌ಲೆಂತ್‌ಗೆ ಶೇ. 9.5, 8ಕ್ಕೆ ಶೇ. 3, 16ಕ್ಕೆ ಶೇ. ಅರ್ಧಕ್ಕಿಂತ ಕಮ್ಮಿ. ಒಂದು ಮೀಟರ್ ಫೈಬರ್ ಕೂಡ ಸುತ್ತದೆ ಇಷ್ಟು ಲಾಭ! ನಾನು ಆರು ತಿಂಗಳು ಬಫರ್ ಬಫರ್ ಅಂತ ಬಡ್ಕೊಂಡಿದ್ದೆ.

ಇದರ ಮೇಲೆ ಡಿಲೇ ಲೈನ್ ಸೇರ್ಸ್ದಾಗ ಇನ್ನೊಂದು ವಿಷ್ಯ ಗೊತ್ತಾಯ್ತು. ಪ್ಯಾಕೆಟ್ ಉದ್ದ ಒಂದೊಂದೂ ಒಂದೊಂಥರ, ಲೈನ್ ಕೊಡೋ ಡಿಲೇ ಮಾತ್ರ ಅಳ್ತೆ ಹಾಕ್ದಂಗೆ ಒಂದು ಪಟ್ಟು, ಎರಡು ಪಟ್ಟು. 1.3 ಬೇಕಿದ್ರೂ 2 ಕಾಯ್ಬೇಕು, ಉಳ್ದ 0.7 ಔಟ್‌ಪುಟ್ ಸುಮ್ನೆ ಖಾಲಿ, ಅದೇ ವಾಯ್ಡ್. ಈ ಅಳ್ತೆಯ ಮೆಟ್ಲು ದೊಡ್ಡದಿದ್ರೆ ವಾಯ್ಡ್ ಜಾಸ್ತಿ, ತೀರಾ ಚಿಕ್ಕದಿದ್ರೆ ಎಲ್ಲಾ ಲೈನ್ ಸೇರಿದ್ರೂ ಕಾಯೋಷ್ಟು ಟೈಮೇ ಸಿಗಲ್ಲ. ನನ್ನ ರನ್‌ಗಳಲ್ಲಿ ಸರಾಸರಿ ಪ್ಯಾಕೆಟ್ಟಿಗಿಂತ ಚಿಕ್ಕ ಮೆಟ್ಲೇ ಗೆದ್ದಿದ್ದು. ಆ ವಾಯ್ಡ್ ಒಳಗೆ ಸಣ್ಣ ಪ್ಯಾಕೆಟ್ ತುರುಕೋ ಶೆಡ್ಯೂಲರ್ರೂ ಬರ್ದೆ, ಲಾಸ್ ಇಳೀತು, ರನ್ ಮಾತ್ರ ರಾತ್ರಿಯೆಲ್ಲಾ ಓಡ್ತಿತ್ತು.

ಡಿಫ್ಲೆಕ್ಷನ್ ಬಗ್ಗೆ ಜಾಸ್ತಿ ಹೇಳಲ್ಲ. ಲೋಡ್ ಕಮ್ಮಿ ಇದ್ದಾಗ ಪರ್ವಾಗಿಲ್ಲ, ಜಾಸ್ತಿ ಆದ್ರೆ ಸುತ್ತಿ ಬರೋ ಪ್ಯಾಕೆಟ್ಟೇ ಬೇರೆ ಕಡೆ ಟ್ರಾಫಿಕ್ ಜಾಮ್ ಮಾಡುತ್ತೆ, ಜೊತೆಗೆ ಹಿಂದೆಮುಂದೆ ತಲುಪೋದ್ರಿಂದ ಟಿಸಿಪಿ (ಡೇಟಾ ತಲುಪ್ತಾ ಅಂತ ನೋಡ್ಕೊಳ್ಳೋ ಪ್ರೋಟೋಕಾಲ್) ಮೂರು ಡ್ಯೂಪ್ಲಿಕೇಟ್ ಆಕ್ (ಒಂದೇ ಸ್ವೀಕೃತಿ ಮತ್ತೆ ಮತ್ತೆ) ನೋಡಿ ಕಳೆದೋಯ್ತು ಅನ್ಕೊಂಡು ಕಳೀದೇ ಇರೋದನ್ನೇ ಮತ್ತೆ ಕಳ್ಸುತ್ತೆ.

ಈಗ ಅಕ್ಕಪಕ್ಕದ ವೇವ್‌ಲೆಂತ್‌ಗೆ ಮಾತ್ರ ಬದಲಾಯ್ಸೋ ಕನ್ವರ್ಟರ್ ಇಟ್ಟು ರನ್ ಹಾಕಿದೀನಿ. ಪೂರ್ತಿ ರೇಂಜಿನದು ಕಾಗದದ ಮೇಲೆ ಸಲೀಸು, ಮಾಡೋಕೆ ದುಬಾರಿ. ಸರ್ ಈ ಸಲ ಗ್ರಾಫ್‌ಗಿಂತ ಮೊದ್ಲು ಕೋಡ್ ತೋರ್ಸು ಅಂದಿದಾರೆ.