ಹಳೇ ಸೀಕಾಕ್ ಬದಲಿಸುವಾಗ ಮೊದಲು ಥ್ರೆಡ್ ನೋಡಿ

ಸೀಕಾಕ್ ಅಂದರೆ ದೋಣಿಯ ಮೈಯಲ್ಲಿನ ರಂಧ್ರದ ನೀರನ್ನು ಬಿಡಲು, ತಡೆಯಲು ಇರುವ ವಾಲ್ವ್. ದೋಣಿ ದಡಕ್ಕೆ ಎತ್ತಿಸಿದ ಮೇಲೆಯೇ ಈ ಕೆಲಸ. ಹಳೇ ಥ್ರೂ-ಹಲ್ ಫಿಟ್ಟಿಂಗ್ (ದೋಣಿಯ ಮೈ ತೂರಿ ಬರುವ, ಸೀಕಾಕ್ ಕೂರುವ ಕೊಳವೆ) ಜೊತೆ ಸ್ಪ್ಯಾನರ್ ಹಿಡಿದು ಗುದ್ದಾಡಬೇಡಿ. ಹೊರಗಿನ ಅಂಚನ್ನು ಗ್ರೈಂಡರ್‌ನಲ್ಲಿ ಸವೆಸಿ, ಉಳಿದದ್ದನ್ನು ಒಳಕ್ಕೆ ತಳ್ಳಿ. ಕೆರೆದಾಗ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸತು ಕರಗಿಹೋಗಿದೆ ಅಂತಲೇ ಅರ್ಥ. ಹೊಸದು ಕಂಚಿನದ್ದಿರಲಿ.

ಹೆಚ್ಚಿನವರು ಎಡವೋದು ತಿರುಪಿನ ಗೀರುಗಳಲ್ಲಿ, ಅಂದರೆ ಥ್ರೆಡ್‌ನಲ್ಲಿ. ಥ್ರೂ-ಹಲ್‌ಗೆ ಸಾಮಾನ್ಯವಾಗಿ ನೇರ ಥ್ರೆಡ್, ಮಾಮೂಲಿ ಬಾಲ್ ವಾಲ್ವ್‌ಗೆ ಒಳಕ್ಕೆ ಹೋದಂತೆ ಕಿರಿದಾಗುವ ಓರೆ ಥ್ರೆಡ್. ಇವೆರಡನ್ನು ಜೋಡಿಸಿದರೆ ಕೆಲವೇ ಸುತ್ತು ತಿರುಗಿಸುವಷ್ಟರಲ್ಲಿ ಬಿಗಿಯಾಗುತ್ತೆ, ಆದರೆ ಹಿಡಿತ ಇರಲ್ಲ. ಅಪ್ಪಿತಪ್ಪಿ ಕಾಲಿಟ್ಟರೆ ಮುರಿಯಬಹುದು. ಬುಡದಲ್ಲಿ ಫ್ಲ್ಯಾಂಜ್ (ಅಗಲವಾದ ಚಪ್ಪಟೆ ಅಂಚು) ಇರುವ ಸೀಕಾಕನ್ನೇ ತಗೊಳ್ಳಿ. ಸ್ಯಾಂಡ್‌ವಿಚ್ ಹಲ್ (ಎರಡು ಪದರಗಳ ನಡುವೆ ಹಗುರ ತಿರುಳಿರುವ ದೋಣಿಯ ಮೈ) ಆದರೆ ರಂಧ್ರದ ಸುತ್ತ ತಿರುಳು ಕೆತ್ತಿ ತೆಗೆದು ಎಪಾಕ್ಸಿ ತುಂಬಿ. ಸಿಲಿಕೋನ್ ಬೇಡ, ನೀರಿನಡಿಗೆಂದೇ ಇರುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ. ನೀರಿಗಿಳಿಸಿದಾಗ ಕ್ರೇನ್ ಪಟ್ಟಿ ಬಿಚ್ಚುವ ಮುನ್ನ ಪ್ರತಿ ಜೋಡಣೆಯನ್ನೂ ಒಣ ಟಿಶ್ಯೂವಿನಿಂದ ಒರೆಸಿ ನೋಡಿ.